ಸೊನ್ನೆ ನಂಬರಿನ ಡಿಸ್ಕು

ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ‘ಒಂದೇ ಬಟನ್’. ಹೆಸರು ತಂದುಕೊಂಡಿದ್ದು ಅವನೇ. ಅವನಿಗಿಂತ ಮುಂಚೆ ಆ ಕೆಲಸದಲ್ಲಿದ್ದ ಹಿರಿಯರು ಒಂದೊಂದು ಕಂಪ್ಯೂಟರಿನ ಮುಂದೂ ಅರ್ಧ ದಿನ ಕೂತು, ಹಳೆಯ ಸಿಸ್ಟಂ ಹಾಕಿ, ಆಮೇಲೆ ಅಪ್‌ಡೇಟುಗಳನ್ನು ಒಂದೊಂದಾಗಿ ಇಳಿಸಿ, ಅದು ಕೇಳಿದ್ದಕ್ಕೆಲ್ಲ ‘ಹೌದು’ ಒತ್ತುತ್ತಿದ್ದರು. ಕತ್ತೆ ಚಾಕರಿ ಎಂದು ಇವನು ನಕ್ಕ. ಮೂರು ವಾರ ಕೂತು ಹೊಸ ಪೆನ್‌ಡ್ರೈವ್ ತಯಾರು ಮಾಡಿದ. ಈವರೆಗಿನ ಅಪ್‌ಡೇಟುಗಳೆಲ್ಲ ಸಿಸ್ಟಮ್ಮಿನೊಳಗೇ ಬೆರೆತಿದ್ದವು. ಜೊತೆಗೆ ಒಂದು ಉತ್ತರಗಳ ಫೈಲು: ಯಂತ್ರ ಏನೇನು ಕೇಳೀತೋ ಅದಕ್ಕೆಲ್ಲ ಮೊದಲೇ ಬರೆದಿಟ್ಟ ಜವಾಬು. ಪೆನ್‌ಡ್ರೈವ್ ಸಿಕ್ಕಿಸು, ಒಂದು ಬಟನ್ ಒತ್ತು, ಕಾಫಿ ಕುಡಿದು ಬಾ. ಯಾವ ಡಿಸ್ಕನ್ನು ಅಳಿಸಲಿ ಎಂಬ ಪ್ರಶ್ನೆಗೂ ಅದರಲ್ಲಿ ಬರೆದಿಟ್ಟಿದ್ದ: ಸೊನ್ನೆ ನಂಬರಿನದು, ಮತ್ತೆ ಕೇಳಬೇಡ.

ನೂರ ನಲವತ್ತು ಕಂಪ್ಯೂಟರು ಹೂವೆತ್ತಿದ ಹಾಗೆ ಆದವು. ಅವುಗಳಲ್ಲೆಲ್ಲ ಇದ್ದದ್ದು ಒಂದೊಂದೇ ಡಿಸ್ಕು, ಅದೇ ಸೊನ್ನೆ ನಂಬರಿನದು. ತಪ್ಪಾಗುವುದಕ್ಕೆ ಜಾಗವೇ ಇರಲಿಲ್ಲ. ಜಂಬ ಬರದೆ ಇರುತ್ತದೆಯೇ? ಬಂತು.

ಗಂಟಲಿನ ವಿಭಾಗದಲ್ಲಿ ಮಾತಿನ ತರಬೇತಿ ಕೊಡುವ ಹೆಂಗಸನ್ನು ಇಡೀ ಆಸ್ಪತ್ರೆ ಅಕ್ಕ ಎನ್ನುತ್ತದೆ. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾದವರನ್ನು ಆಕೆ ಮೊದಲೇ ಕರೆಸಿ, ಅವರ ದನಿಯಲ್ಲಿ ಮುನ್ನೂರು ಮಾತು ರೆಕಾರ್ಡ್ ಮಾಡಿ, ಕಂಪ್ಯೂಟರಿನ ಎರಡನೆಯ ಡಿಸ್ಕಿನಲ್ಲಿ ಇಡುತ್ತಿದ್ದಳು. ಗುಣವಾದ ಮೇಲೆ ಅವರ ಫೋನಿಗೆ ಹಾಕಿಕೊಟ್ಟರೆ ಅವರದೇ ದನಿ ಅವರ ಪರವಾಗಿ ಮಾತಾಡುತ್ತದೆ. ತನ್ನದರಲ್ಲಿ ಎರಡು ಡಿಸ್ಕಿವೆ, ಜೋಪಾನ ಎಂದು ಅಕ್ಕ ಮೊದಲೇ ಫೋನ್ ಮಾಡಿದ್ದಳು. ಬಾಯಿತುಂಬ ಬಿಸ್ಕತ್ತು ಇಟ್ಟುಕೊಂಡೇ ಇವನು, ಎರಡನೆಯದನ್ನು ಮುಟ್ಟುವುದೇ ಇಲ್ಲ, ನಿಶ್ಚಿಂತೆಯಾಗಿರಿ ಎಂದ. ಆ ಕಂಪ್ಯೂಟರನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಅದರಲ್ಲಿ ಸೊನ್ನೆ ನಂಬರು ಇದ್ದದ್ದು ದನಿಗಳ ಡಿಸ್ಕಿಗೆ.

ಅದಕ್ಕೂ ಪೆನ್‌ಡ್ರೈವ್ ಸಿಕ್ಕಿಸಿ, ಬಟನ್ ಒತ್ತಿ, ಅವನು ಕಾಫಿ ಕುಡಿದು ಬರುವಷ್ಟರಲ್ಲಿ, ಇನ್ನೂ ಫೋನಿಗೆ ಹಾಕಿಕೊಡದ ಹನ್ನೊಂದು ಜನರ ದನಿಯ ಮೇಲೆ ಹೊಸ ಸಿಸ್ಟಂ ಕೂತಿತ್ತು. ಎರಡು ದಿನ ಊಟ ನಿದ್ದೆ ಬಿಟ್ಟು ಹುಡುಕಿದ. ಒಂದು ಕೆಮ್ಮೂ ಸಿಗಲಿಲ್ಲ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ವರದಿಯಲ್ಲಿ ‘ಡಿಸ್ಕು ಹಳೆಯದು, ತಾನಾಗಿ ಕೆಟ್ಟಿದೆ’ ಎಂದು ಬರೆದು ಸಹಿ ಹಾಕಿದ. ಅಕ್ಕ ನಂಬಿದಳು. ನಂಬಿ, ಇನ್ನೊಂದು ಪ್ರತಿ ಇಟ್ಟುಕೊಳ್ಳದ ತನ್ನನ್ನೇ ಬೈದುಕೊಂಡಳು. ಅದನ್ನು ಕೇಳಿದ ದಿನದಿಂದ ಅವನಿಗೆ ಆ ಕಾರಿಡಾರಿನಲ್ಲಿ ಓಡಾಡಲು ನಾಚಿಕೆ. ಕ್ಯಾಂಟೀನಿಗೂ ಹಿಂದಿನ ಮೆಟ್ಟಿಲಲ್ಲೇ ಇಳಿಯುತ್ತಿದ್ದ. ಮುಖ ಯಾಕೆ ಹೀಗಿದೆ ಎಂದು ಹೆಂಡತಿ ಕೇಳಿದರೆ ಹಲ್ಲುನೋವು ಎಂದ. ಪಾಪ, ಆಕೆ ಲವಂಗ ತಂದುಕೊಟ್ಟಳು, ಇವನು ಅಗಿದ.

ಸೋಮವಾರ ಅಕ್ಕನೇ ಕರೆದಳು. ಬಸ್ ಡ್ರೈವರೊಬ್ಬರು ತಮ್ಮ ದನಿ ತೆಗೆದುಕೊಂಡು ಹೋಗಲು ಬರುತ್ತಿದ್ದಾರೆ, ಡಿಸ್ಕಿನ ವಿಷಯ ಕೇಳಿದರೆ ತನಗೆ ವಿವರಿಸಲು ಬರುವುದಿಲ್ಲ, ಜೊತೆಗೆ ನಿಂತುಕೋ ಎಂದಳು. ನಿಂತ.

ಡ್ರೈವರು ಐವತ್ತೈದರ ಗಟ್ಟಿ ಆಳು. ಕೊರಳಿನ ತೂತಿನ ಮೇಲೆ ಬಿಳಿ ಬಟ್ಟೆ. ಕೈಯಲ್ಲಿ ಹೊಸ ಫೋನು, ಮೇಲಿನ ಪ್ಲಾಸ್ಟಿಕ್ಕು ಇನ್ನೂ ಸುಲಿದಿರಲಿಲ್ಲ. ಮಾತೆಲ್ಲ ಜೊತೆಗೆ ಬಂದಿದ್ದ ಅವರ ಹೆಂಡತಿಯದೇ.

“ಮೂವತ್ತು ವರ್ಷ ಬಾಯ್ಮುಚ್ಕೊಳ್ರೀ ಅಂತಾನೇ ಅಂದೆ,” ಎಂದಳು ಆಕೆ, ನಗುತ್ತ. “ಈಗ ಮನೇಲಿ ಗಡಿಯಾರದ ಸದ್ದೂ ಕೇಳ್ಸುತ್ತೆ ಮೇಡಂ. ‘ಊಟ ಆಯ್ತಾ’ ಅಂತ ಒಂದಿದೆಯಲ್ಲ, ಅದನ್ನ ಮೊದಲು ಹಾಕಿ.”

ಅಕ್ಕ ಕುರ್ಚಿಯಿಂದ ಎದ್ದಳು. ದನಿ ಹೋಗಿದೆ, ತಾನು ಇನ್ನೊಂದು ಪ್ರತಿ ಇಟ್ಟಿರಬೇಕಿತ್ತು, ತಪ್ಪು ತನ್ನದೇ ಎಂದು ಕೈ ಮುಗಿದಳು. ಹೆಂಡತಿಯ ನಗು ಅರ್ಧಕ್ಕೆ ನಿಂತಿತು. ಡ್ರೈವರು ಸ್ವಲ್ಪ ಹೊತ್ತು ಫೋನನ್ನೇ ನೋಡಿ, ಆಮೇಲೆ ಅಕ್ಕನ ಮುಗಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದರು. ಹೋಗಲಿ ಬಿಡಿ ಎಂಬಂತೆ ತಲೆಯಾಡಿಸಿದರು.

ಕ್ಷಮೆ ಬೇಡಬೇಕಾಗಿದ್ದವನು ಇವನು, ಬೇಡಿದ್ದು ಅಕ್ಕ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿಗೆ ಅಂಥ ಉಪಕಾರಬುದ್ಧಿ ಎಲ್ಲಿದೆ? ಇವನೇ ಬಾಯಿ ಬಿಡಬೇಕಾಯಿತು.

“ಡಿಸ್ಕು ಕೆಟ್ಟಿರ್ಲಿಲ್ಲ,” ಎಂದ. “ನಾನೇ ಅಳಿಸಿದ್ದು. ಅಕ್ಕ ಮೊದ್ಲೇ ಹೇಳಿದ್ರು, ನಾನು ನೋಡ್ಲೇ ಇಲ್ಲ. ಆಮೇಲೆ ವರದಿಯಲ್ಲೂ ಸುಳ್ಳು ಬರೆದೆ.”

ಅಕ್ಕ ಅವನ ಕಡೆ ನೋಡಲಿಲ್ಲ. ಡ್ರೈವರು ನೋಡಿದರು. ಬರೆದು ತೋರಿಸಲಿ ಎಂದು ಹೆಂಡತಿ ಮೇಜಿನ ಮೇಲಿದ್ದ ಹಲಗೆಯನ್ನು ಮುಂದೆ ತಳ್ಳಿದಳು. ಡ್ರೈವರು ಅದನ್ನು ಬದಿಗೆ ಸರಿಸಿ, ಎದ್ದು ಬಂದು ಇವನ ಮುಂದೆ ನಿಂತು ಬೈಯತೊಡಗಿದರು.

ತುಟಿ ಆಡಿತು, ಹಣೆಯ ನರ ಉಬ್ಬಿತು, ಬೆರಳು ಇವನ ಎದೆಯ ಹತ್ತಿರ ಬಂದು ಬಂದು ಹೋಯಿತು. ಕೊರಳಿನ ಬಟ್ಟೆಯ ಹಿಂದೆ ಉಸಿರಾಡುವ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೇನೂ ಇಲ್ಲ. ಏನು ಹೇಳುತ್ತಿದ್ದಾರೆ ಎಂದು ಹೆಂಡತಿಯನ್ನು ಕೇಳಲು ಇವನಿಗೆ ಮುಖವಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು. ಡ್ರೈವರು ಎರಡು ಬೆರಳಿನಿಂದ ಅವನ ಗದ್ದ ಹಿಡಿದು ಮೇಲೆತ್ತಿದರು. ತಲೆ ತಗ್ಗಿಸಿದರೆ ಆ ಮಾತು ಒಂದೂ ಅವನಿಗೆ ಮುಟ್ಟುವಂತಿರಲಿಲ್ಲ. ಮತ್ತೆ ಮೊದಲಿನಿಂದ ಶುರುವಾಯಿತು. ಅವರು ಮುಗಿಸುವವರೆಗೂ ಅವನು ಆ ತುಟಿಗಳನ್ನೇ ನೋಡುತ್ತ ನಿಂತ.