ತ್ರೇಸ್ಯಮ್ಮನ ಹಿತ್ತಲಿನ ಮೀನಿನ ಕಸ

ಕೇರಳದ ನಮ್ಮ ಕುಟ್ಟನಾಡಿನಲ್ಲಿ ಮನೆಯ ಹಿಂದೆ ಕಾಲಿಟ್ಟರೆ ಕಾಲುವೆ. ಮೀನು ಶುಚಿ ಮಾಡಿದ ಮೇಲೆ ತಲೆ, ಕರುಳು, ಹುರುಪೆ ಎಲ್ಲ ನೀರಿಗೇ. ನಮ್ಮ ಅಜ್ಜಿಯರೂ ಹಾಗೇ ಮಾಡಿದರು. ಆದರೆ ಆಗ ನೀರು ಹರಿಯುತ್ತಿತ್ತು. ಈಗ ಅಂತರಗಂಗೆ ಬೆಳೆದು ಕಾಲುವೆಗೆ ಚಾಪೆ ಹಾಸಿದಂತಾಗಿದೆ. ಎಸೆದದ್ದು ಅದರ ಮೇಲೇ ಕೂರುತ್ತದೆ. ತಿನ್ನಲು ಇಲಿ, ಹೆಗ್ಗಣ ಬರುತ್ತವೆ, ಅಲ್ಲೇ ಉಚ್ಚೆ ಹೊಯ್ಯುತ್ತವೆ. ಆ ನೀರಿಗೇ ನಾವು ಇಳಿಯುತ್ತೇವೆ.

ನಾವೆಲ್ಲ ಅಣ್ಣನೆಂದು ಕರೆಯುತ್ತಿದ್ದ ಔಸೇಪ್ ಚೇಟ್ಟ ಇಳಿದದ್ದೂ ಅದೇ ನೀರಿಗೆ. ಕಾಲುವೆಯ ಕೆಸರು ತೆಗೆದು ಗದ್ದೆಯ ಏರಿಗೆ ಹಾಕುವುದು ಅವರ ಕೆಲಸ. ಹಿಮ್ಮಡಿಯಲ್ಲೊಂದು ಗಾಯವಿತ್ತು. ಜ್ವರ ಬಂತು, ಮೀನಖಂಡ ಹಿಡಿದುಕೊಂಡಿತು, ಕಣ್ಣು ಹಳದಿಯಾಯಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಇಲಿಜ್ವರ. ನಾನು ಈ ವಾರ್ಡಿನ ಆಶಾ ಕಾರ್ಯಕರ್ತೆ. ಆ ಜ್ವರ ಬಾರದಿರಲೆಂದು ನಾನು ಮೊದಲೇ ಕೊಟ್ಟಿದ್ದ ಮಾತ್ರೆಗಳು ಅವರ ಅಂಗಿಯ ಜೇಬಿನಲ್ಲಿ ಹಾಗೇ ಇದ್ದವು.

ನಲವತ್ತೊಂದನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಅವರ ಹೆಂಡತಿ, ನಾನು ಅಕ್ಕನಂತೆ ಕಾಣುವ ತ್ರೇಸ್ಯಮ್ಮ ಚೇಚಿಯನ್ನು ನೋಡಲು ಹೋದೆ. ಶೇಂದಿ ಅಂಗಡಿಗೆ ಮೀನು ಶುಚಿ ಮಾಡಿಕೊಟ್ಟು ಬದುಕುವವರು. ದಿನಕ್ಕೆ ಒಂದು ಬುಟ್ಟಿ ಕಸ.

"ಚೇಚಿ, ಇದನ್ನ ಇನ್ನೂ ಕಾಲುವೆಗೇ ಹಾಕ್ತಿದೀರಾ?"

"ಮತ್ತೆಲ್ಲಿ ಹಾಕ್ಲಿ, ನಿನ್ನ ತಲೆ ಮೇಲಾ?" ಚೇಚಿ ಕತ್ತಿಯಿಂದ ಕಣ್ಣೆತ್ತಲಿಲ್ಲ. "ತೆಂಗಿನ ಬುಡದಲ್ಲಿ ಹೂತೂ ನೋಡಿದೆ ಅಜಿತಾ. ಮೊಳ ತೋಡಿದ್ರೆ ನೀರು. ಹುಣ್ಣಿಮೆ ಉಬ್ಬರಕ್ಕೆ ತಲೆಗಳೆಲ್ಲ ಎದ್ದು ಬಂದು ಅಂಗಳದಲ್ಲಿ ತೇಲಾಡಿದ್ವು. ಬೀದಿನಾಯಿಗಳಿಗೆ ಹಬ್ಬ."

"ಹೂಳೋದು ಬೇಡ. ನೆಲದ ಮೇಲೇ ಡ್ರಮ್ಮಲ್ಲಿ ಗೊಬ್ಬರ ಮಾಡಬಹುದು. ಇಲಿ ಬರಲ್ಲ."

"ಮಾಡ್ತೀನಿ. ಔಸೇಪ್ ಎದ್ದು ಬರ್ತಾರಾ?"

ಅಷ್ಟರಲ್ಲಿ ಅವರ ಮಗ ಜೋಜಿ ಕಾಲುವೆಯಿಂದ ಮೇಲೆ ಬಂದ. ಅಪ್ಪನ ಕೆಲಸ ಈಗ ಅವನದು. ಮೆಟ್ಟಿಲ ಮೇಲೆ ಕೂತು ಕಾಲಿಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿದ. ಕಪ್ಪೆಚಿಪ್ಪು ಕೊಯ್ದ ಗಾಯ.

"ಇದೇನೂ ಇಲ್ಲಮ್ಮ," ಅಂದ.

"ನಿಮ್ಮಪ್ಪನೂ ಹಾಗೇ ಅಂದಿದ್ರು." ಚೇಚಿ ಕತ್ತಿ ಕೆಳಗಿಟ್ಟು ಆ ಕಾಲನ್ನು ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಏನೇನು ಬೇಕು ಹೇಳು," ಅಂದರು.

ಮುಚ್ಚಳವಿರುವ ಹಳೆಯ ತಗಡಿನ ಡ್ರಮ್ ತಂದೆವು. ಪ್ಲಾಸ್ಟಿಕ್ ಆದರೆ ಹೆಗ್ಗಣ ಕೊರೆದುಬಿಡುತ್ತದೆ. ಗಾಳಿಯಾಡಲು, ನೀರು ಬಸಿಯಲು ತೂತು ಹೊಡೆದು, ಒಳಗೆ ಕಿರುಬೆರಳೂ ತೂರದಷ್ಟು ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿದೆವು. ಉಬ್ಬರದ ನೀರು ಮುಟ್ಟದ ಹಾಗೆ ಇಟ್ಟಿಗೆಯ ಮೇಲಿಟ್ಟೆವು. ತಳಕ್ಕೆ ಒಂದು ಗೇಣು ಒಣ ತೆಂಗಿನ ನಾರಿನ ಪುಡಿ ಹಾಕಿದೆವು.

ಐದನೆಯ ದಿನ ಚೇಚಿ ಹೇಳಿಕಳಿಸಿದರು. ಹೋದೆ.

"ಬಾ, ನೋಡು. ನಿನ್ನ ಗೊಬ್ಬರಕ್ಕೆ ಜೀವ ಬಂದು ನಡೆದಾಡ್ತಿದೆ."

ಮುಚ್ಚಳ ತೆಗೆದರೆ ಹುಳು ಗಿಜಿಗುಡುತ್ತಿದ್ದವು. ನಾತಕ್ಕೆ ಮೂಗಿಗೆ ಸೆರಗು ಹಿಡಿದೆ. ನಾರಿನ ಪುಡಿ ಕೆಸರಾಗಿತ್ತು.

"ಮೀನು ತೊಳೆದ ನೀರೂ ಇದಕ್ಕೇ ಸುರಿದ್ರಾ ಚೇಚಿ?"

"ಹೂಂ. ಕರಿಬೇವಿನ ಗಿಡಕ್ಕೆ ಅದನ್ನೇ ಅಲ್ವಾ ಹಾಕೋದು? ಗಿಡಕ್ಕೆ ಒಳ್ಳೇದು ಗೊಬ್ಬರಕ್ಕೆ ಕೆಟ್ಟದ್ದಾ?"

"ನೀರು ನಿಂತ್ರೆ ಗೊಬ್ಬರಕ್ಕೆ ಉಸಿರು ಕಟ್ಟುತ್ತೆ. ಕಳಿಯೋ ಬದಲು ಕೊಳೆಯುತ್ತೆ."

"ನಂಗೂ ಹಾಗೇ ಆಗಿದೆ ಬಿಡು," ಅಂದರು ಚೇಚಿ. ನಗಲಿಲ್ಲ. "ಇದನ್ನ ಎತ್ತಿ ಕಾಲುವೆಗೆ ಚೆಲ್ತೀನಿ. ನನ್ನ ಕೈಗೆ ಯಾವುದೂ ಹತ್ತಲ್ಲ."

ನಾನು ಬಿಡಲಿಲ್ಲ. ಇಬ್ಬರೂ ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಒಣ ಪುಡಿ ಬೆರೆಸಿದೆವು. ಆವತ್ತು ಹೇಳಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ಕಸವನ್ನು ತೂತಿನ ಬುಟ್ಟಿಯಲ್ಲಿ ಬಸಿಯಬೇಕು. ತೊಳೆದ ನೀರು ಬೇರೆ, ಅದು ಗಿಡದ ಬುಡಕ್ಕೆ, ಮೇಲೊಂದು ಬೊಗಸೆ ನಾರಿನ ಪುಡಿ. ತಲೆ, ಕರುಳು, ಭಾನುವಾರದ ಬಾತುಕೋಳಿಯ ಚೂರು, ಯಾವುದೇ ಆಗಲಿ ಸಣ್ಣಗೆ ಕತ್ತರಿಸಿ ಡ್ರಮ್ಮಿನ ನಡುವೆ ಗುಳಿ ಮಾಡಿ ಹಾಕಿ. ಅಂಚಿಗೆ ತಾಗಬಾರದು. ಕೃಷಿ ಭವನದಲ್ಲಿ ಸಿಗುವ, ಗೊಬ್ಬರಕ್ಕೆ ಹೆಪ್ಪು ಹಾಕುವ ಪುಡಿಯನ್ನೋ, ಹಳೆಯ ಗೊಬ್ಬರವನ್ನೋ ಒಂದು ಹಿಡಿ ಉದುರಿಸಿ. ಅದರ ಮೇಲೆ ಕಸದ ಮೂರು ಪಟ್ಟು ಒಣ ನಾರಿನ ಪುಡಿ ಅಥವಾ ತರಗೆಲೆ, ಕಡಿಮೆಯೆಂದರೂ ಒಂದು ಗೇಣು ದಪ್ಪ. ನಾತ ಬಂದರೆ ಇನ್ನೂ ಹಾಕಿ. ಮುಚ್ಚಿ, ಮೇಲೊಂದು ಭಾರದ ಕಲ್ಲಿಡಿ. ಡ್ರಮ್ ತುಂಬಿದ ಮೇಲೆ ಮೂರು ತಿಂಗಳು ಮುಟ್ಟಬೇಡಿ, ಇನ್ನೊಂದು ಡ್ರಮ್ ಶುರು ಮಾಡಿ. ಕೈಯನ್ನು ಸೋಪು ಹಾಕಿ ತೊಳೆಯಿರಿ.

ಹತ್ತು ದಿನಕ್ಕೆ ಹುಳು ಹೋದವು. ತಿಂಗಳಿಗೆ ನಾತ ಹೋಯಿತು. ಚೇಚಿಯ ಹಿತ್ತಲಲ್ಲಿ ಹೆಗ್ಗಣದ ಬಿಲ ಬರಿದಾಯಿತು. ಮೂರು ತಿಂಗಳು ಕಳೆದು ತೆಗೆದ ಗೊಬ್ಬರ ಕಾಫಿಪುಡಿಯಂತಿತ್ತು. ಒಂದೆರಡು ಮುಳ್ಳು ಮಾತ್ರ ಉಳಿದಿದ್ದವು. ಈಗ ಜೋಜಿಯೇ ಕಸ ಕತ್ತರಿಸುತ್ತಾನೆ, ವಾರವಾರ ಮಾತ್ರೆ ನುಂಗುತ್ತಾನೆ, ಬೂಟು ಹಾಕುತ್ತಾನೆ.

ಸಂತೋಷದ ಕಥೆ ಅಂದುಕೊಳ್ಳಬೇಡಿ. ಹೋದ ವಾರ ಚೇಚಿ ನನ್ನನ್ನು ಕಾಲುವೆಯ ದಡಕ್ಕೆ ಕರೆದೊಯ್ದರು. ಅಂತರಗಂಗೆಯ ಮೇಲೆ ನಾಲ್ಕು ಕಟ್ಟಿದ ಚೀಲ, ಒಂದು ಒಡೆದು ಮೀನಿನ ಕರುಳು ಹೊರಬಿದ್ದಿತ್ತು. ಹೆಗ್ಗಣವೊಂದು ನಮ್ಮನ್ನು ನೋಡಿಯೂ ಕದಲಲಿಲ್ಲ.

"ನನ್ನ ಡ್ರಮ್ಮಿಗೆ ಇಲಿ ಬರಲ್ಲ ಅಜಿತಾ," ಅಂದರು. "ಆದ್ರೆ ಈ ನೀರು ನನ್ನೊಬ್ಬಳದಾ? ಕಾಲುವೆಯ ಮೇಲ್ಗಡೆ ಹದಿನಾಲ್ಕು ಮನೆ. ಒಂದೊಂದು ಬಾಗಿಲಿಗೂ ಹೋಗಿ ಹೇಳಿದೆ. ಎಲ್ರೂ ಹೂಂ ಅಂದ್ರು. ಚಾಯ ಕೊಟ್ರು. ಚೀಲ ಮಾತ್ರ ನಿಲ್ಲಲಿಲ್ಲ."

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಾಯದ ಕಾಲಿನಲ್ಲಿ ನೀರಿಗೆ ಇಳಿಯಬೇಡಿ. ಇಳಿಯಲೇಬೇಕಾದವರು ನಮ್ಮನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಜೇಬಿನಲ್ಲಿಡಬೇಡಿ. ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಮನೆಗೊಂದು ಡ್ರಮ್ ಇಡಿ. ಹೇಗೆಂದು ತಿಳಿಯದಿದ್ದರೆ ಕರೆಯಿರಿ, ನಾನೂ ತ್ರೇಸ್ಯಮ್ಮ ಚೇಚಿಯೂ ಬಂದು ಕಟ್ಟಿಕೊಡುತ್ತೇವೆ.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಜೋಜಿ ಮತ್ತೆ ಕೆಸರಿಗೆ ಇಳಿಯುತ್ತಾನೆ. ಕಾಲುವೆಯಲ್ಲಿ ಅವನಿಗಿಂತ ಮೇಲಿರುವ ಮನೆ ನಿಮ್ಮದು. ಕೈಯಲ್ಲಿರುವ ಚೀಲವನ್ನು ಎಸೆಯಬೇಡಿ.