ಮಿಲೆನಾಳ ಪಾಲಿನ ಮುತ್ತು

"ಅಲ್ಲಾಡ್ಬೇಡ ಪುಟ್ಟಿ, ಇನ್ನೊಂದೇ ಒಂದು ಪಿನ್ನು," ಎಂದು ನೆಲಿದಾ ಮೊಮ್ಮಗಳನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಒದ್ದೆ ಬಾಚಣಿಗೆಯಿಂದ ಬೈತಲೆ ತೆಗೆಯುತ್ತಿದ್ದಳು.

"ಬಾಚ್ಬೇಡಿ ಅತ್ತೆ," ರೊಮಿನಾ ಮೆಲ್ಲಗೆ ಹೇಳಿದಳು. "ಇವತ್ತೊಂದು ದಿನ ಹೇಗಿದಾಳೋ ಹಾಗೇ ಇರ್ಲಿ."

"ಯಾಕೆ? ಡಾಕ್ಟ್ರ ಮುಂದೆ ದಿಕ್ಕಿಲ್ಲದೋಳ ಥರ ಹೋಗ್ಬೇಕಾ? ನನ್ನ ಮೊಮ್ಮಗಳೇನು ಕುಂಟೀನಾ, ಕುರುಡೀನಾ? ಸ್ವಲ್ಪ ಹಠ, ಅಷ್ಟೇ. ಇವಳಪ್ಪನೂ ಹೀಗೇ ಇದ್ದ. ಐದು ವರ್ಷ ಆದ್ರೂ ಬಾಯೇ ಬಿಟ್ಟಿರ್ಲಿಲ್ಲ. ಈಗ ಲಾರಿ ಓಡಿಸ್ತಿಲ್ವಾ?"

"ಲಾರಿ ಓಡಿಸ್ತಾರೆ. ಬಾಯಿ ಇನ್ನೂ ಬಿಟ್ಟಿಲ್ಲ."

ಪಕ್ಕದ ಬೆಂಚಿನಲ್ಲಿ ಫ್ಲಾಸ್ಕನ್ನು ಕಂಕುಳಿಗೆ ಅವುಚಿಕೊಂಡು ಯೆರ್ಬಾ ಎಲೆಯ ಕಷಾಯ ಹೀರುತ್ತಿದ್ದ ಹೆಂಗಸಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಜೂನ್ ಎಂದರೆ ಅಲ್ಲಿ ನಡುಚಳಿಗಾಲ; ಆ ಚಳಿ ಪರಾನಾ ಊರಿನ ಆರೋಗ್ಯ ಕೇಂದ್ರದ ಒಳಗೂ ಇತ್ತು. ಮಿಲೆನಾಗೆ ಏಳು ವರ್ಷ. ಅವಳಿಗಿರುವುದು ಆಟಿಸಂ ಎಂದು ನರರೋಗ ತಜ್ಞರು ಹೇಳಿ ಎರಡು ವರ್ಷವಾಗಿತ್ತು. ಜೊತೆಗೊಬ್ಬ ಸಹಾಯಕ ಶಿಕ್ಷಕಿ ಇಲ್ಲದಿದ್ದರೆ ಚಳಿಗಾಲದ ರಜೆ ಮುಗಿದ ಮೇಲೆ ಮಗುವನ್ನು ಕಳಿಸಬೇಡಿ ಎಂದು ಶಾಲೆಯವರು ಈಗ ಹೇಳಿಬಿಟ್ಟಿದ್ದರು. ಸಹಾಯಕಿ ಸಿಗಬೇಕಾದರೆ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಮೂವರು ಎದುರಿನ ಬಾಗಿಲ ಹಿಂದೆ ಕೂತಿದ್ದರು.

ಬೆಳಿಗ್ಗೆ ಹಾಲು ಕಾಯಿಸುವಾಗ ರೊಮಿನಾ, ಇವತ್ತು ಇವಳು ಒಮ್ಮೆ ಕಿರುಚಿಬಿಡಲಿ, ಅವರ ಕಣ್ಣಿಗೆ ಬೀಳಲಿ ಎಂದು ಬಯಸಿದ್ದಳು. ಮರುಕ್ಷಣವೇ, ಯಾವ ತಾಯಿ ಹೀಗೆ ಬೇಡಿಕೊಳ್ಳುತ್ತಾಳೆ ಎಂದು ನಾಚಿದ್ದಳು. ಅಷ್ಟರಲ್ಲಿ ಹಾಲು ಉಕ್ಕಿತ್ತು.

ಹೆಸರು ಕರೆದರು. ಒಳಗೆ ಕಾಲಿಟ್ಟ ಮಿಲೆನಾ ನೇರವಾಗಿ ವಯಸ್ಸಾದ ವೈದ್ಯರ ಬಳಿ ಹೋಗಿ ಹಿಮ್ಮಡಿ ಎತ್ತಿ ಅವರ ಬಲಗೆನ್ನೆಗೆ ಮುತ್ತು ಕೊಟ್ಟಳು. ಆಮೇಲೆ ಮನಶ್ಶಾಸ್ತ್ರಜ್ಞೆಗೆ, ಕೊನೆಗೆ ಸಮಾಜ ಕಾರ್ಯಕರ್ತೆಗೆ. ಯಾರನ್ನೂ ಬಿಡಲಿಲ್ಲ. ಆ ಊರಲ್ಲಿ ಕೆನ್ನೆಗೆ ಮುತ್ತು ಕೊಡುವುದೇ ನಮಸ್ಕಾರ; ದೊಡ್ಡವರ ಮನೆಯ ಮಕ್ಕಳೂ ಇಷ್ಟು ಅಚ್ಚುಕಟ್ಟಾಗಿ ಎಲ್ಲರಿಗೂ ವಂದಿಸುತ್ತಿರಲಿಲ್ಲ.

"ಅಬ್ಬಬ್ಬಾ, ಎಂಥಾ ಮುದ್ದು!" ಎಂದರು ವೈದ್ಯರು. "ಚೆನ್ನಾಗಿ ಬೆಳೆಸಿದೀರಮ್ಮ."

ನೆಲಿದಾಳ ಮುಖ ಅರಳಿತು. ರೊಮಿನಾ ಮಗಳನ್ನು ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು.

ವೈದ್ಯರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಒರಟು ಮನುಷ್ಯರಲ್ಲ, ಆದರೆ ದಣಿದಿದ್ದರು. "ನೋಡಮ್ಮ, ಈಗೀಗ ದಿನಾ ಬರ್ತಾರೆ. ಹಠ ಮಾಡ್ತಾನೆ, ಕೂತಲ್ಲಿ ಕೂರಲ್ಲ, ಗಮನ ಕೊಡಲ್ಲ ಅಂತ. ಎಲ್ಲಾರ್ನೂ ಅಂಗವಿಕಲರು ಅಂತ ಬರೆದ್ರೆ, ನಿಜವಾಗಿ ಬೇಕಾದವ್ರಿಗೆ ಏನುಳಿಯುತ್ತೆ? ಈ ಹುಡುಗಿ ಹತ್ರ ಬಂದು ಮುತ್ತು ಕೊಡ್ತಾಳೆ. ಏನು ತೊಂದ್ರೆ, ನೀವೇ ಹೇಳಿ."

ರೊಮಿನಾ ಹೇಳಿದಳು. ಗಂಟೆ ಬಾರಿಸಿದರೆ ಮೇಜಿನ ಕೆಳಗೆ ಹೋಗಿ ಕೂರುವುದು, ಅಂಗಡಿಯಲ್ಲಿ ಯಾರಾದರೂ ಮೈ ತಾಕಿಸಿದರೆ ತನ್ನ ತೋಳನ್ನೇ ಕಚ್ಚಿಕೊಳ್ಳುವುದು, ಬೆಳಿಗ್ಗೆ ಬೇರೆ ಬಟ್ಟಲಿನಲ್ಲಿ ಹಾಲು ಕೊಟ್ಟರೆ ಸಂಜೆಯವರೆಗೆ ಏನೂ ಮುಟ್ಟದಿರುವುದು. ಹೇಳುತ್ತಾ ಹೇಳುತ್ತಾ ತನ್ನ ಮಾತು ತನಗೇ ತುಂಟ ಮಗುವಿನ ಮೇಲಿನ ಚಾಡಿಯಂತೆ ಕೇಳಿಸಿತು. ನಡುವೆ ನಿಲ್ಲಿಸಿಬಿಟ್ಟಳು.

ಆಗ ಬಾಗಿಲು ತೆರೆದು ನೀರಿನ ಜಗ್ಗು ಹಿಡಿದ ಆಯಾ ಬಂದಳು. ಮಿಲೆನಾ ಎದ್ದು ಹೋಗಿ ಅವಳಿಗೆ ಮುತ್ತು ಕೊಟ್ಟಳು. ಕೊಟ್ಟು ಕೂರಲಿಲ್ಲ. ಮತ್ತೆ ವೈದ್ಯರಿಂದ ಶುರುಮಾಡಿ ಮೂವರಿಗೂ ಕೊಟ್ಟಳು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಆಯಾ ಲೋಟಗಳನ್ನು ತಂದಳು. ಮಿಲೆನಾ ಮತ್ತೆ ಎದ್ದಳು. ಈ ಸಲ ಯಾರೂ ನಗಲಿಲ್ಲ. ಅವಳ ಮುಷ್ಟಿಗಳು ಬಿಗಿದಿದ್ದವು. ಒಂದೊಂದು ಮುತ್ತಿನ ನಂತರವೂ ತುಟಿಯನ್ನು ತೋಳಿನಿಂದ ಜೋರಾಗಿ ಒರೆಸಿಕೊಳ್ಳುತ್ತಿದ್ದಳು. ಬಾಯಿಯ ಸುತ್ತ ಕೆಂಪಾಗಿತ್ತು.

"ಸಾಕು ಚಿನ್ನ, ಆಗ್ಲೇ ಕೊಟ್ಟಿದೀಯಲ್ಲ," ಎಂದು ಮನಶ್ಶಾಸ್ತ್ರಜ್ಞೆ ಮೃದುವಾಗಿ ಕೈ ಅಡ್ಡ ಹಿಡಿದಳು.

ಮಿಲೆನಾ ನಿಂತಲ್ಲೇ ನಡುಗಿದಳು. ಆಮೇಲೆ ಮೇಜಿನ ಕೆಳಗೆ ನುಸುಳಿ, ಕಿವಿ ಮುಚ್ಚಿಕೊಂಡು, ಒಂದೇ ಸ್ವರದಲ್ಲಿ ಗುಂಯ್‌ಗುಡತೊಡಗಿದಳು.

ರೊಮಿನಾ ಏಳುವ ಮೊದಲೇ ನೆಲಿದಾ ನೆಲದ ಮೇಲಿದ್ದಳು. ಮಂಡಿನೋವಿನ ಆ ಹೆಂಗಸು ಒಳ್ಳೆಯ ಕೋಟು ಸಮೇತ ಬಗ್ಗಿ, ಮುಟ್ಟದೆ, ಮೊಮ್ಮಗಳಿಂದ ಒಂದು ಗೇಣು ದೂರದಲ್ಲಿ ಅದೇ ಸ್ವರವನ್ನು ತಾನೂ ಗುನುಗಿದಳು. ನಿಧಾನವಾಗಿ ಮಗುವಿನ ದನಿ ಇಳಿಯಿತು.

"ಅವಳಿಗೆ ಮುತ್ತು ಕೊಡೋದು ಯಾರು ಕಲಿಸಿದ್ದು?" ಸಮಾಜ ಕಾರ್ಯಕರ್ತೆ ಕೇಳಿದಳು.

"ನಾನೇ." ನೆಲಿದಾ ಮೇಜಿನ ಕೆಳಗಿನಿಂದಲೇ ಉತ್ತರಿಸಿದಳು. "ಭಾನುವಾರದ ಊಟಕ್ಕೆ ಎಲ್ಲಾ ಸೇರ್ತಾರೆ. ಸೊಸೆ ಮಗೀಗೆ ಮರ್ಯಾದೆ ಕಲಿಸಿಲ್ಲ ಅಂತ ಆಡ್ಕೋತಿದ್ರು. ಅದಕ್ಕೇ ಬೇಸಿಗೇಲಿ ಇವಳು ನನ್ನ ಮನೇಲಿದ್ದಾಗ ಕುರ್ಚಿ ಸಾಲಾಗಿ ಇಟ್ಟೆ. ಇದು ಚಿಕ್ಕಪ್ಪ, ಇದು ಅತ್ತೆ, ಇದು ಅತ್ತೆ ಗಂಡ ಅಂತ. ಒಬ್ರನ್ನೂ ಬಿಡ್ಬಾರ್ದು ಅಂದೆ. ಹೊಸಬ್ರು ಬಂದ್ರೆ ಮೊದಲಿಂದ."

"ಬೇಗ ಕಲಿತಳಾ?"

"ಬೇಸಿಗೆ ಪೂರ್ತಿ ಹಿಡೀತು." ನೆಲಿದಾ ಮೊಮ್ಮಗಳ ಬಾಯಿಯ ಸುತ್ತಲಿನ ಕೆಂಪನ್ನು ನೋಡಿದಳು. "ಕೊಟ್ಟಾದ್ಮೇಲೆ ಬಚ್ಚಲಿಗೆ ಹೋಗಿ ಬಾಯಿ ತೊಳೀತಾಳೆ. ಚರ್ಮ ಸುಲಿಯೋ ಹಾಗೆ. ಕ್ರೀಮ್ ಹಚ್ಚಿ ಕಳಿಸ್ತಿದ್ದೆ, ಇವಳಮ್ಮನಿಗೆ ಗೊತ್ತಾಗ್ಬಾರ್ದು ಅಂತ."

ರೊಮಿನಾ ಅತ್ತೆಯ ಬೆನ್ನನ್ನೇ ನೋಡಿದಳು. ತುಟಿಯ ಸುತ್ತ ಗಾಯ ಯಾಕೆ ಮಾಯುತ್ತಿಲ್ಲ ಎಂದು ಎಷ್ಟು ದಿನ ಯೋಚಿಸಿದ್ದಳು! ಸಿಟ್ಟು ಬರಬೇಕಿತ್ತು. ಬಂದಿತ್ತೋ ಏನೋ. ಆದರೆ ಮೇಜಿನ ಕೆಳಗೆ ಇಬ್ಬರೂ ಒಂದೇ ರಾಗ ಗುನುಗಿದ್ದನ್ನು ಕೇಳಿದ ಕಿವಿಗೆ ಸಿಟ್ಟು ತಡವಾಗಿ ತಲುಪಿತು.

"ಒಂದು ಕೇಳ್ಲಾ?" ನೆಲಿದಾ ಮೇಜಿನ ಅಂಚು ಹಿಡಿದು ಎದ್ದಳು. "ಈ ಪತ್ರ ಕೊಟ್ರೆ, ಜೀವಮಾನ ಪೂರ್ತಿ ಇವಳ ಹಣೆ ಮೇಲೆ ಮುದ್ರೆ ಒತ್ತಿದ ಹಾಗಲ್ವಾ?"

ಸಮಾಜ ಕಾರ್ಯಕರ್ತೆ ಏನೋ ಹೇಳಹೊರಟಳು. ಅವಳಿಗಿಂತ ಮೊದಲು ವೈದ್ಯರೇ ಮಾತಾಡಿದರು. "ಇಷ್ಟು ದಿನ ಊರಿಗೆ ಹೊಂದ್ಕೊಳ್ಳೋ ಕೆಲ್ಸ ಇವಳೊಬ್ಬಳದೇ ಆಗಿತ್ತಮ್ಮ. ಇನ್ಮೇಲೆ ಶಾಲೆಯೋರೂ ಸ್ವಲ್ಪ ಮಾಡ್ಲಿ. ಈ ಪತ್ರ ಹೇಳೋದು ಅಷ್ಟೇ." ಕನ್ನಡಕ ಹಾಕಿಕೊಂಡು ಉಳಿದಿಬ್ಬರ ಕಡೆ ನೋಡಿದರು. ಇಬ್ಬರೂ ತಲೆಯಾಡಿಸಿದರು. "ಕೊಡ್ತೀವಿ."

ರೊಮಿನಾ ಥ್ಯಾಂಕ್ಸ್ ಹೇಳಲು ಬಾಯಿ ತೆರೆದಳು, ಅಳು ಬಂತು. ನೆಲಿದಾ ಕೈಚೀಲದಿಂದ ಕರವಸ್ತ್ರ ತೆಗೆದು ಮೊದಲು ತನ್ನ ಮೂಗು ಒರೆಸಿಕೊಂಡು ಆಮೇಲೆ ಸೊಸೆಗೆ ಕೊಟ್ಟಳು.

"ಥೂ, ಅತ್ತೆ!" ಎಂದಳು ರೊಮಿನಾ, ಅಳುತ್ತಲೇ ನಕ್ಕು.

ಹೊರಡುವಾಗ ವೈದ್ಯರು ಅಭ್ಯಾಸದಂತೆ ಬೀಳ್ಕೊಡಲು ಕೆನ್ನೆ ಚಾಚಿ ಬಗ್ಗಿದವರು, ಅರ್ಧಕ್ಕೇ ನಿಂತು, ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ಬಸ್ಸಿಳಿದು ಮನೆಯ ಬೀದಿಗೆ ತಿರುಗಿದಾಗ ಮೂಲೆ ಅಂಗಡಿಯ ಒಫೇಲಿಯಾ ಹೊಸ್ತಿಲು ಗುಡಿಸುತ್ತಿದ್ದಳು. "ಬಂದ್ಯಾ ರಾಣಿ! ಎಲ್ಲಿ ನನ್ನ ಮುತ್ತು?" ಎಂದು ಪೊರಕೆ ಗೋಡೆಗೆ ಒರಗಿಸಿ, ಬಗ್ಗಿ ಕೆನ್ನೆ ಚಾಚಿದಳು.

ಮಿಲೆನಾಳ ಮುಷ್ಟಿ ಬಿಗಿಯಿತು. ಒಂದು ಹೆಜ್ಜೆ ಮುಂದಿಟ್ಟಳು.

ನೆಲಿದಾ ಅವಳನ್ನು ದಾಟಿ ಹೋಗಿ ಒಫೇಲಿಯಾಳ ಕೆನ್ನೆಗೆ ಲೊಚ್ ಎಂದು ಒಂದು ಮುತ್ತು ಕೊಟ್ಟಳು. ಹಿಂದೆ ಸರಿಯದೆ ಇನ್ನೊಂದು ಕೊಟ್ಟಳು.

"ಇದೇನೇ, ಇವತ್ತು ಎರಡೆರಡು?"

"ಒಂದು ನಂದು. ಇನ್ನೊಂದು ಅವಳದು. ಇನ್ಮೇಲೆ ಹೀಗೇ, ಅಭ್ಯಾಸ ಮಾಡ್ಕೋ."

ಒಫೇಲಿಯಾ ಕೆನ್ನೆ ಮೇಲೆ ಕೈಯಿಟ್ಟುಕೊಂಡು ರೊಮಿನಾಳ ಕಡೆ ನೋಡಿದಳು. ರೊಮಿನಾ ಮಗಳನ್ನೇ ನೋಡುತ್ತಿದ್ದಳು. ಮಿಲೆನಾಳ ಮುಷ್ಟಿ ಆಗಲೇ ಬಿಚ್ಚಿಕೊಂಡಿತ್ತು. ಅವಳು ಆ ಬೆರಳುಗಳನ್ನು ಪಕ್ಕದ ಮನೆಯ ಬೇಲಿಯ ಕಬ್ಬಿಣದ ಸರಳುಗಳ ಮೇಲೆ ಒಂದೊಂದಾಗಿ ಆಡಿಸುತ್ತಾ, ಟಣ್ ಟಣ್ ಎನ್ನಿಸುತ್ತಾ, ಮುಂದೆ ಮುಂದೆ ನಡೆದು ಹೋಗುತ್ತಿದ್ದಳು. ಬೈತಲೆಯ ಪಿನ್ನು ಎಲ್ಲೋ ಬಿದ್ದುಹೋಗಿ ಕೂದಲು ಕಣ್ಣ ಮೇಲೆ ಬಂದಿತ್ತು.