ಎಪ್ಪತ್ತು ಪರ್ಸೆಂಟ್

ಲಿಫ್ಟ್ ರಿಪೇರಿ ಮಾಡುವ ಅವನಿಗೆ ಮಗಳು ಸಿಗುತ್ತಿದ್ದದ್ದು ತಿಂಗಳಿಗೊಂದೇ ಭಾನುವಾರ. ಉಳಿದ ದಿನವೆಲ್ಲ ಬೇರೆಯವರ ಕಟ್ಟಡಗಳಲ್ಲಿ, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳ ನಡುವೆ ಒಬ್ಬನೇ ಕಳೆಯುತ್ತಿದ್ದ.

ಹೋದ ತಿಂಗಳು ಮಗಳನ್ನು ಕರೆದೊಯ್ಯಲು ಬಂದ ಅವಳಮ್ಮ ಗೇಟಿನಲ್ಲೇ ನಿಂತು, "ಅಲ್ಲಾರೀ, ಬಂದಾಗೆಲ್ಲ ಆ ಹಾಲಿನ ಚಾಕೊಲೇಟ್ ತಿನ್ನಿಸಿ ಕಳಿಸ್ತೀರ. ಎರಡು ಹಲ್ಲು ಹುಳುಕಾಗಿದೆ. ಡಾಕ್ಟರ ಹತ್ರ ಕಾಯೋದು ನಾನು," ಎಂದಿದ್ದಳು. ಬೇರೆಯಾಗಿ ಮೂರು ವರ್ಷವಾದರೂ 'ರೀ' ಬಿಟ್ಟಿರಲಿಲ್ಲ. ಮಗಳಿಗೆ ಕೊಡಲು ಇನ್ನೇನಿದೆಯೆಂದು ಅವನಿಗೆ ತೋಚಲಿಲ್ಲ.

ಸಕ್ಕರೆ ಕಡಿಮೆಯಿರುವ ಚಾಕೊಲೇಟ್ ಯಾವುದೆಂದು ಕೇಳಿದಾಗ, ಅವನ ಮನೆಯ ಕೆಳಗಿನ ಅಂಗಡಿಯಾಕೆ ಕನ್ನಡಕ ಏರಿಸಿಕೊಂಡು ಪಾಠ ಹೇಳಿದಳು.

"ಪೊಟ್ಟಣದ ಮುಂದಿರೋ ಚಿತ್ರಕ್ಕೆ ಮರುಳಾಗ್ಬೇಡಪ್ಪ, ಹಿಂದೆ ತಿರುಗಿಸು. ಯಾವುದು ಜಾಸ್ತಿ ಇದ್ಯೋ ಅದನ್ನೇ ಮೊದಲು ಬರೆದಿರ್ತಾರೆ. ಸಕ್ಕರೆ ಮೊದಲಿದ್ರೆ ವಾಪಸ್ ಇಡು, 'ಡಾರ್ಕ್' ಅಂತ ಎಷ್ಟು ದಪ್ಪಗೆ ಬರೆದಿದ್ರೂ ಸರಿ. ಕೋಕೋ ಮೊದಲು ಬರಬೇಕು, ಪಟ್ಟಿ ಚಿಕ್ಕದಿರಬೇಕು."

"ಹಾಗಾದ್ರೆ ಎಷ್ಟು ತಿಂದ್ರೂ ಒಳ್ಳೇದಾ?"

"ಅದೇನು ಔಷಧೀನಾ? ಒಂದು ತುಂಡು ಸಾಕು. ಯಾರಿಗೆ?"

"ಮಗಳಿಗೆ. ಒಂಬತ್ತು ವರ್ಷ."

ಅಂಗಡಿಯಾಕೆ ಅವನ ಕೈಯಲ್ಲಿದ್ದ ತೊಂಬತ್ತು ಪರ್ಸೆಂಟ್ ಕೋಕೋದ ಚಾಕೊಲೇಟನ್ನು ಕಿತ್ತುಕೊಂಡಳು. "ಇದನ್ನ ತಿನ್ನಿಸಿದ್ರೆ ಮಗು ಮತ್ತೆ ಈ ಕಡೆ ತಲೆ ಹಾಕಲ್ಲ!"

ಆಕೆ ನಕ್ಕಳು. ಅವನಿಗೆ ನಗು ಬರಲಿಲ್ಲ.

ಮೂರು ಬಗೆ ಕೊಂಡು, ವಾರವಿಡೀ ಕೆಲಸ ಮುಗಿಸಿ ಬಂದು ಒಂದೊಂದೇ ತುಂಡು ತಿಂದು ನೋಡಿದ. ಎಂಬತ್ತೈದರದು ಬಾಯೆಲ್ಲ ಒಗರು ಮಾಡಿತು. ಅರವತ್ತರದು ಬರೀ ಸಿಹಿ. ಎಪ್ಪತ್ತರದು ಮೊದಲು ಕಹಿಯೆನಿಸಿ, ಕರಗುತ್ತ ಹುರಿದ ಬಾದಾಮಿಯ ಪರಿಮಳ ಬಿಟ್ಟಿತು. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಫೋನ್ ತೆಗೆದು ಹೆಸರುಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿ, ಹಾಗೇ ಇಟ್ಟುಬಿಟ್ಟ.

ಭಾನುವಾರ ಮಗಳು ಒಂದು ಕಚ್ಚು ಕಚ್ಚಿ ಮುಖ ಕಿವುಚಿದಳು. "ಅಪ್ಪಾ, ಇದು ಕೆಟ್ಟುಹೋಗಿದೆ!"

"ಇಲ್ಲ ಪುಟ್ಟಿ. ಅಗೀಬೇಡ, ನಾಲಿಗೆ ಮೇಲೆ ಸುಮ್ನೆ ಇಟ್ಕೋ."

ಇಟ್ಟುಕೊಂಡಳು. ಅವನು ರಿಸಲ್ಟಿಗೆ ಕಾದವನಂತೆ ಅವಳ ಮುಖವನ್ನೇ ನೋಡುತ್ತ ಕೂತ.

"ಪರವಾಗಿಲ್ಲ," ಎಂದಳು. ಅದು ತನ್ನನ್ನು ಸಮಾಧಾನಪಡಿಸಲು ಹೇಳಿದ ಮಾತೆಂದು ಅವನಿಗೆ ಗೊತ್ತಾಯಿತು.

ಸಂಜೆ ಉಳಿದದ್ದನ್ನು ಅವಳ ಚೀಲಕ್ಕೆ ಹಾಕಿದ. "ಮುಂದಿನ ತಿಂಗಳು ಬರಕ್ಕಾಗಲ್ಲಪ್ಪ, ಈಜು ಕ್ಯಾಂಪ್ ಇದೆ," ಎಂದಳು.

"ಆಗ್ಲಿ ಬಿಡು. ಚೆನ್ನಾಗಿ ಈಜು."

ಮುಂದಿನ ವಾರ, ಅವನು ಲಿಫ್ಟಿನ ನೆತ್ತಿಯ ಮೇಲೆ ಕೂತು ಬೋಲ್ಟ್ ಬಿಗಿಸುತ್ತಿದ್ದಾಗ ಫೋನ್ ಬಂತು.

"ಅಪ್ಪಾ, ಆ ಕಹಿ ಚಾಕೊಲೇಟ್ ಎಲ್ಲಾ ಅಮ್ಮನೇ ತಿಂದ್ಬಿಟ್ಲು! ಯಾವ ಅಂಗಡೀದು ಅಂತ ಕೇಳ್ತಿದ್ದಾಳೆ."

ಅವನು ಸ್ಪ್ಯಾನರ್ ಕೆಳಗಿಟ್ಟ. "ನಮ್ಮನೆ ಕೆಳಗಿನ ಅಂಗಡೀದು. ಬೇಕಿದ್ರೆ ನಾನೇ ತಂದು..."

"ಅಮ್ಮಾ, ಅಪ್ಪನ ಮನೆ ಕೆಳಗಂತೆ!" ಮಗಳು ಅತ್ತ ತಿರುಗಿ ಕೂಗಿದಳು. ಬಂದ ಉತ್ತರ ಅವನಿಗೆ ಕೇಳಿಸಲಿಲ್ಲ. "ಅಷ್ಟು ದೂರನಾ, ಬೇಡ ಬಿಡು ಅಂದ್ಲು. ಇಡ್ತೀನಪ್ಪ."

ಅವಳಮ್ಮ ನಗುತ್ತ ಹೇಳಿದಳೋ, ಬೇಸರದಿಂದಲೋ? ಕೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಮರುದಿನ ಎಪ್ಪತ್ತರದು ಎರಡು ಕೊಂಡು ಕಾಗದದಲ್ಲಿ ಸುತ್ತಿದ. ವಿಳಾಸ ಯೋಚಿಸಬೇಕಾಗಿರಲಿಲ್ಲ, ಎಂಟು ವರ್ಷ ಅದು ಅವನದೂ ಆಗಿತ್ತು. ಹೆಸರು ಬರೆಯುವಲ್ಲಿ ಮಾತ್ರ ಪೆನ್ನು ನಿಂತಿತು. ಕೊನೆಗೆ ಮಗಳ ಹೆಸರನ್ನೇ ಬರೆದು ಅಂಚೆಗೆ ಹಾಕಿ ಬಂದ.